ಎಷ್ಟು ಶಬ್ದ ಎಂದು ಮೊದಲೇ ಹೇಳಬೇಕು

ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವರೆಲ್ಲ ತಮ್ಮ ಕೆಲಸದಲ್ಲಿ ತಪ್ಪು ಸಿಗದೆ ಇರಲಿ ಎಂದು ಬೇಡಿಕೊಳ್ಳುವವರೇ. ನಾನು ಒಂದು ಸಲ ಮಾತ್ರ ಅದನ್ನು ತಿರುಗಿಸಿ ಬೇಡಿಕೊಂಡೆ. ದೇವರೇ, ಒಂದು ತಪ್ಪು ಸಿಗಲಿ, ಅದು ನನ್ನದೇ ಆಗಿರಲಿ. ಅಣ್ಣ ತೀರಿಕೊಂಡು, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟವೂ ಮುಗಿದು, ನೆಂಟರೆಲ್ಲ ಹೊರಟುಹೋಗಿದ್ದ ಒಂದು ಮಧ್ಯಾಹ್ನ ಅದು. ಒಳಕೋಣೆಯಲ್ಲಿ ಅಮ್ಮ ಇದ್ದಳು. ಜಗಲಿಯಲ್ಲಿ ನಾನು, ನನ್ನ ಮುಂದೆ ಅಣ್ಣನಿಗಾಗಿ ನಾನು ಬರೆದಿದ್ದ ಪ್ರೋಗ್ರಾಂ. ಅದರಲ್ಲಿ ಒಂದು ತಪ್ಪು ಸಿಕ್ಕಿದರೆ, ಅಣ್ಣ ಅಮ್ಮನಿಗೆ ಕೊನೆಯದಾಗಿ ಹೇಳಿದ ಮಾತಿನ ಅರ್ಥವೇ ಬೇರೆಯಾಗುತ್ತಿತ್ತು.

ನಮ್ಮ ಮನೆ ಗಡಿನಾಡಿನ ಬಂದ್ಯೋಡು ಎಂಬಲ್ಲಿಯ ಒಳದಾರಿಯಲ್ಲಿ, ಹೆದ್ದಾರಿಯ ಸದ್ದು ಕೇಳುವಷ್ಟು ಹತ್ತಿರ. ಮನೆಯಲ್ಲಿ ನಮ್ಮದು ಕನ್ನಡ, ಅಂಗಡಿಯಲ್ಲಿ ತುಳು, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಮೂರರಲ್ಲೂ ನಾನು ಬಾಯಿಬಡುಕಿ. ಅಣ್ಣ ಮಾತು ಬಾರದವನೇನಲ್ಲ, ಆದರೆ ಅವನ ಒಂದು ಶಬ್ದಕ್ಕೂ ಮುಂದಿನ ಶಬ್ದಕ್ಕೂ ನಡುವೆ ಮನುಷ್ಯ ಒಂದು ಗ್ಲಾಸ್ ಚಾ ಕುಡಿದು ಬರಬಹುದಿತ್ತು. "ನೀನು ಒಂದು ವಾಕ್ಯ ಮುಗಿಸುವಾಗ ಇಲ್ಲಿ ಹೊರಟ ಬಸ್ಸು ಹೊಸಂಗಡಿ ದಾಟಿರ್ತದೆ" ಎಂದು ನಾನು ರೇಗಿಸುತ್ತಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ದಾಟಲಿ" ಎನ್ನುತ್ತಿದ್ದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನಮಗೆ ಎಂತ ಅರ್ಜೆಂಟ್?" ಎನ್ನುತ್ತಿದ್ದ.

ಅವನು ಡಿಪ್ಲೊಮಾ ಮಕ್ಕಳಿಗೆ ಸಿ ಭಾಷೆ ಕಲಿಸುತ್ತಿದ್ದ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಅದು ಹಳೆಯದು, ಗಟ್ಟಿಯಾದದ್ದು, ಸಲಿಗೆ ಕೊಡುವಂಥದ್ದಲ್ಲ. ನಾನು ಅವನಿಂದಲೇ ಅದನ್ನು ಕಲಿತು, ಅದರ ಹಟ ತಾಳಲಾರದೆ ಪೈಥಾನ್ ಎಂಬ ಇನ್ನೊಂದು ಭಾಷೆಗೆ ಹೋದವಳು. ಉಪ್ಪಳದಿಂದ ಕುಂಬಳೆಯವರೆಗಿನ ಅಂಗಡಿಗಳಿಗೆ ಬಿಲ್ಲು ಮಾಡುವ ಪ್ರೋಗ್ರಾಂ ಬರೆದುಕೊಡುವುದು ನನ್ನ ಸಂಪಾದನೆ. "ನಿನ್ನದು ಅಜ್ಜಿಮನೆ ಭಾಷೆ ಮಾರಾಯ್ತಿ, ಎಲ್ಲ ಕೂತಲ್ಲಿಗೇ ತಂದುಕೊಡ್ತದೆ" ಎಂದು ಅವನು ಹಂಗಿಸುತ್ತಿದ್ದ. ಅವನೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಜಗಳಕ್ಕೆ ಒಬ್ಬರಿಗೊಬ್ಬರು ಸಾಕಾಗಿದ್ದೆವು.

ಅವನ ಸ್ವರ ಒಡೆಯತೊಡಗಿದಾಗ ಚಾಕ್‌ಪೀಸಿನ ಧೂಳು ಎಂದುಕೊಂಡು ಕಷಾಯ ಕುಡಿದುಕೊಂಡಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, ಗಡ್ಡೆ ಉಂಟು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೆ ಅಮ್ಮ ಬೀಡಿ ಕಟ್ಟಿಯೇ ನಮ್ಮಿಬ್ಬರನ್ನು ಓದಿಸಿದವಳು. "ನನ್ನ ಹೊಗೆಸೊಪ್ಪಿನ ಧೂಳು ಕುಡಿದೇ ಬೆಳೆದದ್ದು ಅವ" ಎಂದು ಎದೆ ಬಡಿದುಕೊಂಡಳು. ಅದರಿಂದ ಅಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ.

ಆಪರೇಷನ್ನಿಗೆ ಮೊದಲು ಸಿಕ್ಕಿದ ಸ್ವಲ್ಪ ಸಮಯದಲ್ಲಿ ಅಣ್ಣ ಒಳಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂತ. ಒಡೆದ ಸ್ವರದಲ್ಲೇ ಒಂದೊಂದು ಶಬ್ದವನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡತೊಡಗಿದ. ಅಮ್ಮಾ. ಊಟ. ಆಯ್ತಾ. ಬೇಡ. ಬಸ್ಸು. ಮಳೆ. ಹೊರಗೆ ಆರು ಪಥದ ಹೆದ್ದಾರಿಯ ಕೆಲಸ ನಡೆಯುತ್ತಿತ್ತು. ಜೆಸಿಬಿ ಗುಡುಗುವಾಗ ಬಾಯಿ ಮುಚ್ಚಿ ಕಾದು, ಅದು ನಿಂತಾಗ ಮುಂದಿನ ಶಬ್ದ ಹೇಳುತ್ತಿದ್ದ. ನನಗೆ ನೋಡಲಾಗುತ್ತಿರಲಿಲ್ಲ. ಸಿಟ್ಟಿನಿಂದಲೇ ಕೇಳಿದೆ, "ಇದೆಲ್ಲ ಎಂತಕ್ಕೆ? ಇನ್ನು ಬರೆದು ತೋರಿಸಿದರೆ ಆಯ್ತಲ್ಲ?"

"ನಿನಗೆ ಓದಲಿಕ್ಕೆ ಬರ್ತದೆ" ಎಂದ. ಅವನ ಮಾಮೂಲು ಅಂತರ ಬಿಟ್ಟು ಮುಂದುವರಿಸಿದ, "ಅಮ್ಮನಿಗೆ?"

ಅಮ್ಮನ ಕಣ್ಣು ಆಗಲೇ ಹೋಗಿತ್ತು. ಗ್ಲಾಕೋಮಾ. ಬೆಳಕು ಎಲ್ಲಿಂದ ಬರುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಾಗುವುದು. ಅಣ್ಣನ ಸ್ವರ ಹೋದರೆ ಅಣ್ಣನೇ ಇಲ್ಲದ ಹಾಗೆ. ನನಗೆ ಅದು ಹೊಳೆದೇ ಇರಲಿಲ್ಲ.

ಆಪರೇಷನ್ ಆಯಿತು. ಮನೆಗೆ ಬಂದ ಅಣ್ಣನ ಮುಖವನ್ನು ಅಮ್ಮ ಎರಡೂ ಕೈಯಿಂದ ಮುಟ್ಟಿ ನೋಡಿದಳು, ಕುತ್ತಿಗೆಯ ತೂತಿನ ಹತ್ತಿರ ಬಂದಾಗ ಬೆರಳು ಹಿಂದೆ ತೆಗೆದಳು. ಹೌದಾದರೆ ಅಂಗೈಗೆ ಒಂದು ತಟ್ಟು, ಅಲ್ಲವಾದರೆ ಎರಡು, ಎಂದು ಅವರಿಬ್ಬರೇ ಮಾಡಿಕೊಂಡರು. ಅಣ್ಣ ಸ್ಲೇಟಿನಲ್ಲಿ ಬರೆದದ್ದನ್ನು ನಾನು ಓದಿ ಹೇಳಿದರೆ ಅಮ್ಮನಿಗೆ ಸಮಾಧಾನವಿಲ್ಲ. "ನೀನು ನಿನ್ನದೇ ಸೇರಿಸ್ತಿ" ಎನ್ನುತ್ತಿದ್ದಳು. ನಾನು ಸೇರಿಸುತ್ತಲೂ ಇದ್ದೆ ಅನ್ನಿ.

ರೆಕಾರ್ಡ್ ಮಾಡಿದ ಶಬ್ದಗಳನ್ನು ಪೋಣಿಸಿ ಮಾತಾಡಿಸುವ ಪ್ರೋಗ್ರಾಮನ್ನು ಅಣ್ಣ ಮೊದಲೇ ಸಿ ಭಾಷೆಯಲ್ಲಿ ಬರೆದಿಟ್ಟಿದ್ದ. ಆದರೆ ಆಪರೇಷನ್ನಿನಲ್ಲಿ ಕುತ್ತಿಗೆಯ ನರಕ್ಕೂ ಪೆಟ್ಟಾಗಿ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಎಡಗೈಯೊಂದರಿಂದಲೇ ಕೀಬೋರ್ಡಿನಲ್ಲಿ ಟೈಪ್ ಮಾಡುವುದು ಆಗದ ಮಾತು. ಬೆರಳಿನಿಂದ ಮುಟ್ಟುವ ದೊಡ್ಡ ಪರದೆ ಬೇಕಿತ್ತು. ಒಂದೊಂದು ಚೌಕದಲ್ಲಿ ಒಂದೊಂದು ಶಬ್ದ. ಬೇಕಾದ ಶಬ್ದಗಳನ್ನು ಒಂದಾದ ಮೇಲೊಂದು ಒತ್ತಿ, ಕೊನೆಗೆ ಕೆಳಗಿನ 'ಹೇಳು' ಗುಂಡಿ ಒತ್ತಿದರೆ ಅದು ಮಾತಾಡಬೇಕು. ಪರದೆಯ ಭಾಗವನ್ನು ನಾನು ಪೈಥಾನಿನಲ್ಲಿ ಬರೆದೆ. ಮಾತಾಡಿಸುವ ಭಾಗ ಅಣ್ಣನ ಸಿ ಭಾಷೆಯದ್ದೇ. ನನ್ನ ಭಾಷೆಯಿಂದ ಅವನ ಭಾಷೆಯನ್ನು ಕರೆಯಬೇಕು, ಅಷ್ಟೇ. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ.

ಗ್ರಹಚಾರ ಇದ್ದದ್ದು ಅಲ್ಲೇ. ಸಾಮಾನ್ಯವಾಗಿ ಒಂದು ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಕೆಲಸ ಮಾಡಿಕೊಡುವ ತುಂಡಿಗೆ, ಎಷ್ಟು ಸಂಗತಿ ಕೊಡಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಮಾತು ಹಾಗಲ್ಲವಲ್ಲ. ಒಮ್ಮೆ ಎರಡು ಶಬ್ದ, ಒಮ್ಮೆ ಏಳು. ಹಾಗಾಗಿ ಎಷ್ಟು ಬೇಕಾದರೂ ಕೊಡಬಹುದಾದ ಫಂಕ್ಷನ್ನನ್ನು ಅಣ್ಣ ಬರೆದಿದ್ದ. ಸಿ ಭಾಷೆಯಲ್ಲಿ ಅದಕ್ಕೆ ದಾರಿ ಉಂಟು, ಆದರೆ ಬಂದದ್ದು ಎಷ್ಟು, ಯಾವ ಜಾತಿಯದು ಎಂದು ಆ ಫಂಕ್ಷನ್ನಿಗೆ ತಾನಾಗಿ ತಿಳಿಯುವುದಿಲ್ಲ. ಕರೆದವರು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬುತ್ತದೆ. ಅಣ್ಣ ಕ್ಲಾಸಿನಲ್ಲಿ ಇದಕ್ಕೆ ಕೊಡುತ್ತಿದ್ದ ಉದಾಹರಣೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಬಡಿಸುವವನದ್ದು. ಎಷ್ಟು ಎಲೆ ಹಾಕಿದೆ ಎಂದು ಮೊದಲೇ ಹೇಳಬೇಕು. ಹೆಚ್ಚು ಹೇಳಿದರೆ ಅವನು ನೆಲಕ್ಕೆ ಬಡಿಸುತ್ತಾನೆ. ಕಡಿಮೆ ಹೇಳಿದರೆ ಕೊನೆಯ ಎಲೆಯವನು ಉಪವಾಸ.

ನಾನು ಮಾಡಿದ್ದು ಅದನ್ನೇ. ನನ್ನ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರು. ಶಬ್ದ ಎಷ್ಟು ಎಂದು ಹೇಳುವ ಕಡೆ ಕೊನೆಯ ಶಬ್ದದ ಕ್ರಮಸಂಖ್ಯೆ ಕೊಟ್ಟುಬಿಟ್ಟೆ, ಅದು ಒಂದು ಕಡಿಮೆ. ಅಣ್ಣ ಮೊದಲ ಸಲ ಅಮ್ಮನ ಪಕ್ಕ ಕೂತು "ಅಮ್ಮಾ ಊಟ ಆಯ್ತಾ" ಎಂದು ಒತ್ತಿದ. ಯಂತ್ರ "ಅಮ್ಮಾ ಊಟ" ಎಂದು ನಿಂತಿತು. ಅಮ್ಮ ಗಡಬಡಿಸಿ ಎದ್ದಳು. "ಹಸಿವಾಗ್ತದಾ ಮಗಾ? ಗಂಜಿ ಉಂಟು, ಕೊಡ್ತೇನೆ" ಎಂದು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೊರಟೇ ಹೋದಳು. ಆಗ ಅಣ್ಣನಿಗೆ ಗಂಜಿನೀರು ಹೋಗುತ್ತಿದ್ದದ್ದು ಮೂಗಿನ ಟ್ಯೂಬಿನಲ್ಲಿ. ಅವನು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ, ಆಮೇಲೆ ಸ್ಲೇಟಿನಲ್ಲಿ "ಕೊನೆಯ ಎಲೆ!" ಎಂದು ಬರೆದು ನನ್ನ ಮುಖಕ್ಕೆ ಹಿಡಿದ. ಶಬ್ದಗಳನ್ನು ಪ್ರೋಗ್ರಾಮೇ ಎಣಿಸಿಕೊಳ್ಳುವ ಹಾಗೆ ನಾನು ಅದನ್ನು ತಿದ್ದಿದೆ.

ಮತ್ತೆ ಒತ್ತಿದ. ಈ ಸಲ ಶಬ್ದ ಎಲ್ಲ ಬಂತು. ಸ್ವರ ಅಣ್ಣನದ್ದೇ. ನನಗೆ ಮೈ ಜುಮ್ಮೆಂದಿತು. ಅಮ್ಮ ಕಿವಿಗೊಟ್ಟು ಕೇಳಿದಳು, ಇನ್ನೊಮ್ಮೆ ಒತ್ತಲು ಹೇಳಿದಳು, ಆಮೇಲೆ ತಲೆಯಾಡಿಸಿದಳು. "ಇದು ಅವ ಅಲ್ಲ. ಸ್ವರ ಅವನದ್ದೇ ಇರಬಹುದು. ಇಷ್ಟು ಗಡಿಬಿಡಿಯಲ್ಲಿ ಅವ ಯಾವತ್ತು ಮಾತಾಡಿದ್ದಾನೆ? ಇದು ಇವಳ ಹಾಗೆ ಮಾತಾಡ್ತದೆ." ಇವಳು ಎಂದರೆ ನಾನು. ಅಣ್ಣನ ಮುಖ ಸಣ್ಣದಾಯಿತು. ಅವನು ಸ್ಲೇಟು ಎತ್ತಿಕೊಳ್ಳಲಿಲ್ಲ, ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ಅಯ್ಯೋ, ಅಮ್ಮ ಹೇಳಿದ್ದು ಸರಿಯೇ ಇತ್ತು. ಅಣ್ಣ ಪ್ರತಿ ಶಬ್ದದ ಬೆನ್ನಿಗೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಒಂದು ದಶಾಂಶ ಸಂಖ್ಯೆಯನ್ನೂ ಇಟ್ಟಿದ್ದ. ಒಂದು ಶಬ್ದ, ಒಂದು ಮೌನ, ಮತ್ತೊಂದು ಶಬ್ದ, ಮತ್ತೊಂದು ಮೌನ. ನಾನು ಮೌನಗಳನ್ನು ಸರಿಯಾಗಿಯೇ ಕಳುಹಿಸುತ್ತಿದ್ದೆ, ಅವು ಆ ಕಡೆ ಸೊನ್ನೆಯಾಗಿ ತಲುಪುತ್ತಿದ್ದವು. ಅಣ್ಣನನ್ನು ಎಬ್ಬಿಸಿ ಕೇಳಿದೆ. ಅವನು ಸ್ಲೇಟು ಒರೆಸಿ ಒರೆಸಿ ಬರೆದ. ಸಿ ಭಾಷೆಯವರು ತಮ್ಮೊಳಗೇ ಕರೆದುಕೊಂಡರೆ ಇಂಥ ಸಣ್ಣ ದಶಾಂಶ ಸಂಖ್ಯೆಯನ್ನು ಕೇಳದೆಯೇ ದೊಡ್ಡ ಪಾತ್ರೆಗೆ ಹಾಕಿ ಕಳುಹಿಸುತ್ತಾರೆ. ಈ ಕಡೆಯ ಫಂಕ್ಷನ್ ದೊಡ್ಡ ಪಾತ್ರೆಯೇ ಬಂದಿದೆ ಎಂದುಕೊಂಡು ನೋಡುತ್ತದೆ. ಬೇರೆ ಭಾಷೆಯವರು ಕರೆದರೆ ಆ ಪಾತ್ರೆ ಬದಲಿಸುವ ಕೆಲಸ ಯಾರೂ ಮಾಡುವುದಿಲ್ಲ. ಕಳುಹಿಸುವವಳು ನೀನೇ ಮಾಡಬೇಕು. ಕೊನೆಗೆ ಕೆಳಗೆ, "ಹೊರಗಿನವರಿಗೆ ಇದು ಹೇಳದೆ ಗೊತ್ತಾಗುವುದಿಲ್ಲ" ಎಂದು ಸೇರಿಸಿದ. ನಾನು ಹೊರಗಿನವಳಾ ಎಂದು ಜಗಳ ತೆಗೆದೆ. ಅವನ ಕಣ್ಣಿನಲ್ಲಿ ನೀರಿತ್ತು, ನಾನು ಜಗಳ ಅಲ್ಲಿಗೇ ಬಿಟ್ಟೆ.

ಪಾತ್ರೆ ಬದಲಿಸಿದೆ. ಸಂಜೆ ಅಣ್ಣ ಅಮ್ಮನ ಪಕ್ಕ ಕೂತು ಒತ್ತಿದ. "ಅಮ್ಮಾ" ಎಂದಿತು. ಸುಮ್ಮನಾಯಿತು. ಆ ಅಂತರದಲ್ಲೇ ಅಮ್ಮನ ಮುಖ ಬದಲಾಗಿಬಿಟ್ಟಿತು. "ಊಟ... ಆಯ್ತಾ" ಎಂದು ಬರುವಷ್ಟರಲ್ಲಿ ಅವಳು ಅಣ್ಣನ ಕೈ ಹುಡುಕಿ ಹಿಡಿದುಕೊಂಡು, "ಆಯ್ತು ಮಗಾ, ಆಯ್ತು, ನಿನ್ನದು ಆಯ್ತಾ?" ಎಂದು ಜೋರಾಗಿ ಅತ್ತಳು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಆಮೇಲಿನ ತಿಂಗಳುಗಳು ಒಳ್ಳೆಯವೇ ಆಗಿದ್ದವು ಎಂದು ಈಗ ಅನ್ನಿಸುತ್ತದೆ. ಅಣ್ಣ ಬೆಳಗ್ಗೆ ಪೇಪರಿನ ಸುದ್ದಿಯನ್ನು ಇದ್ದ ಶಬ್ದಗಳಲ್ಲೇ ಹೇಗೋ ಜೋಡಿಸಿ ಹೇಳುತ್ತಿದ್ದ. ಸರ್ವಿಸ್ ರೋಡಿನಲ್ಲಿ ಬಸ್ಸು ನಿಲ್ಲಿಸುವುದಿಲ್ಲವೆಂಬ ನನ್ನ ದೂರಿಗೆ "ಬಸ್ಸು ಬೇಡ, ಮಳೆ ಬೇಡ, ಎಲ್ಲ ಬೇಡ" ಎಂದು ಯಂತ್ರದಿಂದ ಹೇಳಿಸಿ ಅಮ್ಮನನ್ನು ನಗಿಸುತ್ತಿದ್ದ. ಪಂಚಾಯತಿನಿಂದ ಮನೆಗೆ ಬಂದು ಆರೈಕೆ ಮಾಡುತ್ತಿದ್ದ ಪಾಲಿಯೇಟಿವ್ ನರ್ಸ್ ಮಲಯಾಳದವರು. ಟ್ಯೂಬು ಬದಲಿಸುವಾಗ ಅವರಿಗೂ ಅವನು ಅದರಲ್ಲೇ ಕನ್ನಡ ಕಲಿಸಿದ. ಮಂಗಳೂರಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಳ್ಳಲು ಹೋಗುವಾಗೆಲ್ಲ ಹೊಸಿಲು ದಾಟುವ ಮುಂಚೆ ಅಮ್ಮನ ಹತ್ತಿರ ಕೂತು ಒತ್ತುತ್ತಿದ್ದ. "ಅಮ್ಮಾ. ಆಸ್ಪತ್ರೆಗೆ. ಹೋಗ್ತೇನೆ. ಬರ್ತೇನೆ."

ನಮ್ಮಲ್ಲಿ ಹೊರಡುವವರು ಬರೇ ಹೋಗ್ತೇನೆ ಎನ್ನಲಿಕ್ಕಿಲ್ಲ. ಉಪ್ಪು ತರಲಿಕ್ಕೆ ಅಂಗಡಿಗೆ ಹೋದರೂ ಬರ್ತೇನೆ ಎಂದೇ ಹೊರಡಬೇಕು. ಚಿಕ್ಕಂದಿನಲ್ಲಿ ನಾನು ಅವಸರದಲ್ಲಿ ಅದನ್ನು ಮರೆತು ಓಡಿದರೆ ಅಮ್ಮ ಗೇಟಿನಿಂದ ವಾಪಸ್ಸು ಕರೆದು ಹೇಳಿಸಿ ಕಳುಹಿಸುತ್ತಿದ್ದಳು. ಅಣ್ಣ ಒಂದು ದಿನವೂ ಮರೆತವನಲ್ಲ. ಯಂತ್ರದಲ್ಲಿ "ಬರ್ತೇನೆ" ಎಂದು ಕೇಳಿದ ಮೇಲೆ ಅಮ್ಮ "ಹಾಂ, ಬಾ" ಎನ್ನಬೇಕು, ಆಮೇಲೆಯೇ ಅವನು ಏಳುವುದು.

ಮಳೆ ಹಿಡಿದ ಮೇಲೆ ಅವನಿಗೆ ಉಸಿರಾಟ ಕಷ್ಟವಾಯಿತು. ಗಡ್ಡೆ ಎದೆಯವರೆಗೆ ಇಳಿದಿತ್ತು. ಬಂದು ನೋಡಿದ ನರ್ಸ್, ಇನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ಈಗಲೇ ಕರಕೊಂಡು ಹೋಗಿ ಎಂದರು. ಅಂಬುಲೆನ್ಸ್ ಬಂತು. ಸರ್ವಿಸ್ ರೋಡಿನಲ್ಲಿ ಬ್ಲಾಕ್ ಆಗ್ತದೆ ಎಂದು ಡ್ರೈವರು ಹಾರ್ನ್ ಹಾಕುತ್ತಿದ್ದ. ನಾನು ಬಾಗಿಲಲ್ಲಿ ನಿಂತು "ಅಣ್ಣ, ಬೇಗ" ಎಂದು ಕಿರುಚುತ್ತಿದ್ದೆ. ಅಣ್ಣ ಅಮ್ಮನ ಮಂಚದಲ್ಲಿ ಕೂತು ಎಂದಿನ ಹಾಗೆ ನಿಧಾನವಾಗಿ ಒತ್ತಿದ. ಯಂತ್ರ ಹೇಳಿತು, "ಅಮ್ಮಾ. ಆಸ್ಪತ್ರೆಗೆ. ಹೋಗ್ತೇನೆ."

ಅಷ್ಟೇ. ಅಮ್ಮ ಮುಖ ಎತ್ತಿಕೊಂಡು ಕಾದಳು. "ಹಾಂ, ಬಾ" ಎನ್ನಲು ಬಾಯಿ ತೆರೆದವಳು ಹಾಗೆಯೇ ಇದ್ದಳು. ಅಣ್ಣ ಅವಳ ತಲೆಯ ಮೇಲೆ ಎಡಗೈ ಇಟ್ಟು, ಎದ್ದು ಬಂದ. ಹಾಳು ಪ್ರೋಗ್ರಾಂ ಕೊನೆಯ ಶಬ್ದವನ್ನು ಮತ್ತೆ ನುಂಗಿತು ಎಂದು ಬೈದುಕೊಂಡು ನಾನು ಪರದೆಯನ್ನು ಚೀಲಕ್ಕೆ ತುರುಕಿದೆ. ಅಂಬುಲೆನ್ಸಿನಲ್ಲಿ ಅವನಿಗೆ ಹೇಳಿದೆ, "ಪುನಃ ಕೊನೆಯ ಎಲೆಗೆ ಬಡಿಸಲಿಲ್ಲ ನೋಡು, ವಾಪಸ್ಸು ಬಂದು ಸರಿ ಮಾಡ್ತೇನೆ." ಅವನು ನನ್ನನ್ನು ನೋಡಿದ, ಕೈ ಹಿಡಿದುಕೊಂಡ, ಕಣ್ಣು ಮುಚ್ಚಿದ. ಸುಸ್ತು ಎಂದುಕೊಂಡೆ. ಆಸ್ಪತ್ರೆಯಲ್ಲಿ ಅವನನ್ನು ನೇರ ಐಸಿಯುವಿಗೆ ಕರಕೊಂಡು ಹೋದರು, ಪರದೆ ಒಳಗೆ ಬಿಡಲಿಲ್ಲ. ಅವನು ಮನೆಗೆ ಬಂದದ್ದು ಮತ್ತೊಂದು ಅಂಬುಲೆನ್ಸಿನಲ್ಲಿ, ಬಿಳಿ ಬಟ್ಟೆಯಲ್ಲಿ.

ಅಮ್ಮ ಬೊಜ್ಜ ಮುಗಿಯುವವರೆಗೂ ಆ ವಿಷಯ ಎತ್ತಲಿಲ್ಲ. ನನ್ನನ್ನು ಮಾತ್ರ ಅದು ಬಿಡಲಿಲ್ಲ. ಮಗ ಬರ್ತೇನೆ ಎನ್ನದೆ ಹೋದ ಎಂದು ಇವಳು ಉಳಿದ ಆಯುಷ್ಯವೆಲ್ಲ ಕತ್ತಲಲ್ಲಿ ಕೂತು ನೆನೆಸಿಕೊಳ್ಳಬೇಕೇ? ಅವನು ಹೇಳಿದ್ದ, ಕಳುಹಿಸಿದ್ದ, ನನ್ನ ಎಣಿಕೆ ತಪ್ಪಿ ಅದು ಆ ಕಡೆ ತಲುಪಲಿಲ್ಲ ಅಷ್ಟೇ, ಎಂದು ತೋರಿಸಿಕೊಡಬೇಕಿತ್ತು. ಬೈಗುಳ ತಿನ್ನಲು ನಾನು ತಯಾರಿದ್ದೆ.

ಹಾಗೆ ಆ ಮಧ್ಯಾಹ್ನ ಜಗಲಿಯಲ್ಲಿ ಕೂತೆ. ಇಯರ್‌ಫೋನ್ ಹಾಕಿಕೊಂಡು, ಎರಡು ಶಬ್ದ ಕೊಟ್ಟು ನೋಡಿದೆ, ಐದು ಕೊಟ್ಟೆ, ಒಂದರ ಮೇಲೊಂದು ಗಡಿಬಿಡಿಯಲ್ಲಿ ಒತ್ತಿ ನೋಡಿದೆ. ಎಲ್ಲ ಬಂತು. ಎಣಿಸುವ ಸಾಲನ್ನು ಓದಿದೆ, ಮತ್ತೆ ಓದಿದೆ. ಅದು ಸರಿಯಾಗಿಯೇ ಎಣಿಸುತ್ತಿತ್ತು. ನನ್ನ ಬಿಲ್ಲಿನ ಪ್ರೋಗ್ರಾಮುಗಳಲ್ಲಿ ಬೇಡವೆಂದರೂ ಎದ್ದು ಬರುವ ದರಿದ್ರ ತಪ್ಪುಗಳು, ಬೇಕೆಂದಾಗ ಒಂದೂ ಇಲ್ಲ. ಆ ದಿನ ಸ್ಪೀಕರಿನಲ್ಲಿ ಅಲ್ಲವೇ ಹೇಳಿದ್ದು, ಹಾಗೆಯೇ ನೋಡಬೇಕು ಎಂದು ಇಯರ್‌ಫೋನಿನ ವಯರು ಎಳೆದೆ. ಅಣ್ಣ ಒತ್ತುತ್ತಿದ್ದ ಅದೇ ನಾಲ್ಕು ಚೌಕ ಒತ್ತಿ, 'ಹೇಳು' ಒತ್ತಿದೆ.

"ಅಮ್ಮಾ. ಆಸ್ಪತ್ರೆಗೆ. ಹೋಗ್ತೇನೆ." ಅವನಷ್ಟೇ ಹೊತ್ತು ಸುಮ್ಮನಿದ್ದು, "ಬರ್ತೇನೆ."

ಜಗಲಿಯ ತುಂಬ ಅಣ್ಣನ ಸ್ವರ. ಒಳಗೆ ಮಂಚ ಕಿರುಗುಟ್ಟಿತು. ಗೋಡೆ ಹಿಡಿದುಕೊಂಡು ಅಮ್ಮ ಬಾಗಿಲಿಗೆ ಬಂದು ನಿಂತಳು.

"ಎಂತ ಹುಡುಕ್ತಾ ಇದ್ದಿ?"

ನಾನು ಸುಳ್ಳು ಹೇಳಿದೆ. "ತಪ್ಪು ಸಿಕ್ಕಿತಮ್ಮ. ಅವತ್ತು ಅವ ಬರ್ತೇನೆ ಅಂತ ಒತ್ತಿದ್ದ. ನನ್ನ ಪ್ರೋಗ್ರಾಂ ಅದನ್ನು ಹೇಳಲಿಲ್ಲ. ಮೊದಲೊಮ್ಮೆ ಊಟ ಆಯ್ತಾ ಅನ್ನಲಿಕ್ಕೆ ಹೋಗಿ ಊಟ ಅಂತ ಮಾತ್ರ ಹೇಳಿತ್ತಲ್ಲ, ಹಾಗೆಯೇ."

ಅಮ್ಮ ತಡವಿಕೊಂಡು ಬಂದು ನನ್ನ ಪಕ್ಕ ಕೂತಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅಣ್ಣನಿಗೆ ಆ ಸ್ವಭಾವ ಎಲ್ಲಿಂದ ಬಂದದ್ದು ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

"ಅವನ ಬೆರಳು ಗಾಜಿಗೆ ತಾಗುವುದು ನನಗೆ ಕೇಳ್ತದೆ" ಎಂದಳು. "ಅಮ್ಮಾ ಅಂತ ಒಂದು. ಆಸ್ಪತ್ರೆಗೆ ಅಂತ ಒಂದು. ಹೋಗ್ತೇನೆ ಅಂತ ಒಂದು. ಆಮೇಲೆ ಅವ ಕೈ ಎತ್ತಿ ಹಿಡಿದುಕೊಂಡ. ನೀನು ಹೊರಗಿಂದ ಬೊಬ್ಬೆ ಹೊಡೀತಾ ಇದ್ದಿ. ಅವ ತುಂಬ ಹೊತ್ತು ಹಾಗೇ ಇದ್ದ. ಇನ್ನೊಂದು ತಾಗಲೇ ಇಲ್ಲ. ಮತ್ತೆ ತಾಗಿದ್ದು ಹೇಳು ಅನ್ನುವುದು."

ನಾನು ಪರದೆಯನ್ನು ಪಕ್ಕಕ್ಕೆ ಸರಿಸಿದೆ.

"ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ನನ್ನ ಹತ್ತಿರ ಅವ ಸುಳ್ಳು ಹೇಳಿದವ ಅಲ್ಲ" ಎಂದಳು. "ನೀನೂ ಹೇಳ್ಬೇಡ."

ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ಅಳಲಿಲ್ಲ, ನನ್ನ ಬೆನ್ನು ಸವರುತ್ತಿದ್ದಳು. ಹೆದ್ದಾರಿಯಲ್ಲಿ ಯಾವುದೋ ಲಾರಿ ಹೋಯಿತು. ಆಮೇಲೆ ಅವಳು ಕೈ ಚಾಚಿ ಪರದೆಯ ಅಂಚನ್ನು ಮುಟ್ಟಿ ನೋಡಿದಳು.

"ಆ ಬರ್ತೇನೆ ಅನ್ನುವುದನ್ನು ಇನ್ನು ಒತ್ತಬೇಡ" ಎಂದಳು. "ಅಮ್ಮಾ ಅಂತ ಮಾತ್ರ ಒತ್ತು."

ಒತ್ತಿದೆ. ಶಬ್ದ ಎಷ್ಟು ಎಂದರೆ ಒಂದು, ಎಂದು ನನ್ನ ಪ್ರೋಗ್ರಾಂ ಸರಿಯಾಗಿ ಎಣಿಸಿ ಆ ಕಡೆಗೆ ಹೇಳಿತು.

"ಅಮ್ಮಾ" ಎಂದಿತು ಅಣ್ಣನ ಸ್ವರ. ಅದರ ಬೆನ್ನಿಗೆ ಅವನೇ ಇಟ್ಟಿದ್ದ ಅಂತರ ಶುರುವಾಯಿತು. ಮುಂದೆ ಶಬ್ದವಿಲ್ಲ ಎಂದು ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಆದರೂ ಅವಳು ಆ ಸ್ವರ ಬಂದ ಕಡೆಗೆ ಮುಖ ತಿರುಗಿಸಿ, "ಎಂತ ಮಗಾ?" ಎಂದು ಕೇಳಿದಳು.